ಮಗದಾನ್‌ಗೆ ಎರಡೇ ಗಂಟೆ

ಗವ್ರಿಲ್ ಕೊಲೆಸೊವ್ ತನ್ನ ಹೊಸ ಫೋನಿನಲ್ಲಿ ಒತ್ತಬಾರದ ಗುಂಡಿಯೊಂದನ್ನು ಒತ್ತಿದ್ದೇ ಎಲ್ಲ ಅನಾಹುತಕ್ಕೂ ಮೂಲ.

ಯಾಕುತ್ಸ್ಕ್ ಎಂಬ ಊರಿನ ಹಳೆಯ ಹೊಲಿಗೆ ಕಾರ್ಖಾನೆಯೊಂದರಲ್ಲಿ ಅವನು ಇಪ್ಪತ್ತೆಂಟು ವರ್ಷದಿಂದ ಮೆಷಿನ್ ರಿಪೇರಿ ಮಾಡುತ್ತಿದ್ದ. ವಯಸ್ಸು ಐವತ್ತನಾಲ್ಕು. ಮದುವೆಯಿಲ್ಲ. ಹೊಟ್ಟೆ ಮಾತ್ರ ಇಬ್ಬರು ಹೆಂಡಿರ ಕೈಯಡುಗೆ ಉಂಡವನಷ್ಟಿತ್ತು. ಕೆಟ್ಟುಹೋದ ಮೆಷಿನ್ ಅವನ ಕೈಗೆ ಬಂದರೆ ಬೈಸಿಕೊಂಡ ಮಗುವಿನ ಹಾಗೆ ಸುಮ್ಮನೆ ದಾರಿಗೆ ಬರುತ್ತಿತ್ತು. ಮನುಷ್ಯರ ವಿಷಯದಲ್ಲಿ ಮಾತ್ರ ಅವನೇ ಮೆಷಿನ್. ಯಾರು ಪೆಡಲ್ ತುಳಿದರೂ ಓಡುತ್ತಿದ್ದ. ಯಾರಿಗೂ ‘ಇಲ್ಲ’ ಎನ್ನಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

ಪ್ರತಿ ವರ್ಷ ಜೂನ್ ಒಂಬತ್ತನೇ ತಾರೀಕು ಅವನು ಒಂದು ಕೆಲಸ ಮಾಡುತ್ತಿದ್ದ. ಉಗ್ರಾಣದ ಮೂಲೆಗೆ ಹೋಗಿ ವಿಮಾನ ನಿಲ್ದಾಣದ ವಿಚಾರಣೆಗೆ ಫೋನ್ ಮಾಡಿ, “ಮಗದಾನ್‌ಗೆ ಎಷ್ಟು ದೂರ, ಎಷ್ಟು ಹೊತ್ತು?” ಎಂದು ಕೇಳುತ್ತಿದ್ದ. ಉತ್ತರ ಅವನಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ವರ್ಷಕ್ಕೊಂದು ಸಲ ಇನ್ನೊಬ್ಬರ ಬಾಯಿಂದ ಅದನ್ನು ಕೇಳಿದರೆ ಎದೆಗೆ ಒಂಥರಾ ಹಗುರ.

ಇಪ್ಪತ್ತೆರಡು ವರ್ಷದ ಹಿಂದೆ ಅದೇ ಜೂನ್ ಒಂಬತ್ತರಂದು ಅಕುಲಿನಾ ಸಮುದ್ರತೀರದ ಊರಾದ ಮಗದಾನ್‌ಗೆ ವಿಮಾನ ಹತ್ತಿದ್ದಳು. ಅದೇ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಿದ್ದವಳು. ಅಲ್ಲಿ ಅವಳ ತಂಗಿಯ ಗಂಡ ತೀರಿಕೊಂಡಿದ್ದ, ತಂಗಿಯ ಮಡಿಲಲ್ಲಿ ಅವಳಿ ಕೂಸುಗಳು. “ಆರು ತಿಂಗಳು ಇದ್ದು ಬರ್ತೀನಿ,” ಅಂದಿದ್ದಳು. “ಬರೋದು ತಡವಾದ್ರೆ ನೀನೇ ಬಂದು ಕರ್ಕೊಂಡು ಹೋಗು. ಎರಡೇ ಗಂಟೆ ತಾನೆ?”

ಆ ‘ಎರಡೇ ಗಂಟೆ’ ಗವ್ರಿಲನನ್ನು ಕೆಡಿಸಿತು. ಅದೇನಾದರೂ ಹತ್ತು ದಿನದ ಪ್ರಯಾಣವಾಗಿದ್ದರೆ ಅವನು ಬುತ್ತಿ ಕಟ್ಟಿಕೊಂಡು ಯಾವತ್ತೋ ಹೊರಟುಬಿಡುತ್ತಿದ್ದ. ಎರಡು ಗಂಟೆಗೆ ಅವಸರವೇನು? ಈ ವಾರ ಆಗದಿದ್ದರೆ ಮುಂದಿನ ವಾರ. ಚಳಿ ಕಳೆಯಲಿ, ನದಿಯ ಮಂಜುಗಡ್ಡೆ ಒಡೆಯಲಿ, ಕಾರ್ಖಾನೆಯ ಲೆಕ್ಕಪರಿಶೋಧನೆ ಮುಗಿಯಲಿ. ಹಾಗೆ ಅವಳಿ ಕೂಸುಗಳು ದೊಡ್ಡವಾಗಿ ಕಾಲೇಜು ಸೇರಿದವು. ಕಾಗದಗಳು ಹೊಸವರ್ಷದ ಕಾರ್ಡುಗಳಾದವು. ಆಮೇಲೆ ಕಾರ್ಡುಗಳೂ ನಿಂತವು.

ಈ ವರ್ಷ ಅವನ ದಪ್ಪ ಹೆಬ್ಬೆರಳು ಹೊಸ ಫೋನಿನ ಸ್ಪೀಕರ್ ಗುಂಡಿಯ ಮೇಲೆ ಬಿತ್ತು.

“ಮಗದಾನ್. ಸುಮಾರು ಸಾವಿರದ ಇನ್ನೂರು ಕಿಲೋಮೀಟರ್, ಎರಡು ಗಂಟೆ ಪ್ರಯಾಣ,” ಎಂದು ವಿಚಾರಣೆಯ ಹುಡುಗಿಯ ದನಿ ಉಗ್ರಾಣವನ್ನು ದಾಟಿ ಹೊಲಿಗೆ ನಡೆಯುವ ಹಾಲ್‌ನ ತನಕ ಮೊಳಗಿತು. “ಇವತ್ತು ನಾಲ್ಕು ಗಂಟೆಗೆ ವಿಮಾನ ಇದೆ. ಅದು ಬಿಟ್ರೆ ಶುಕ್ರವಾರ. ಟಿಕೆಟ್ ಬೇಕಾ?”

ಹೊರಗೆ ಹದಿನಾಲ್ಕು ಮೆಷಿನ್‌ಗಳು ಒಟ್ಟಿಗೆ ನಿಂತುಹೋದವು.

ಮೊದಲು ಬಾಗಿಲಲ್ಲಿ ತಲೆ ಹಾಕಿದವಳು ಸರ್ದಾನಾ. ಕಾಲರ್ ಹೊಲಿಯುವ ಹುಡುಗಿ, ಬಾಯಲ್ಲಿ ದಾರ ಕಚ್ಚಿಕೊಂಡೇ ಮಾತಾಡುವವಳು.

“ಮಾಮ, ಮಗದಾನ್‌ಗೆ ಹೋಗ್ತಿದೀರಾ?”

“ಇಲ್ಲಮ್ಮ, ಸುಮ್ನೆ ಕೇಳ್ದೆ.”

“ಸುಮ್ನೆ ಯಾರು ಮಾಮ ದೂರ ಕೇಳ್ತಾರೆ? ಬಸ್ಸಲ್ಲಿ ಪಕ್ಕದವರ ಹತ್ರ ಮಳೆ ಬರತ್ತಾ ಅಂತ ಕೇಳಿದ ಹಾಗಾ ಇದು?” ಅಂದವಳು ಹಾಲ್‌ನ ಕಡೆ ತಿರುಗಿ, “ಗವ್ರಿಲ್ ಮಾಮ ಮಗದಾನ್‌ಗೆ ಹೋಗ್ತಿದಾರೆ,” ಎಂದು ಹೇಳಿದಳು.

ಆ ಮಾತು ಹಾಲ್‌ನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಗಡ್ಡ ಮೀಸೆ ಬೆಳೆಸಿಕೊಂಡಿತ್ತು. ಇಸ್ತ್ರಿ ಮೇಜಿನ ಹತ್ತಿರ ಅವನು ಇವತ್ತೇ ಹೋಗುವವನಾದ. ಗುಂಡಿ ಹಾಕುವವರ ಹತ್ತಿರ ಹೆಣ್ಣು ನೋಡಲು ಹೋಗುವವನಾದ. ಮ್ಯಾನೇಜರ್ ಪ್ಲಾಟೊನ್ ಸೆರ್ಗೆಯೆವಿಚ್ ಅವರ ಕೋಣೆಗೆ ಸುದ್ದಿ ತಲುಪಿದಾಗ, ಕೊಲೆಸೊವ್‌ಗೆ ಅಲ್ಲಿ ದುಪ್ಪಟ್ಟು ಸಂಬಳದ ಕೆಲಸ ಸಿಕ್ಕಿತ್ತು.

ಮ್ಯಾನೇಜರ್ ಕರೆಸಿದರು. ಗವ್ರಿಲ್ ಕೈಯಲ್ಲಿ ಎಣ್ಣೆಬಟ್ಟೆ ಹಿಡಿದುಕೊಂಡೇ ಹೋಗಿ ನಿಂತ.

“ಕೊಲೆಸೊವ್, ಹೇಳದೇ ಕೇಳದೇ ಹೋಗೋದಾ?”

“ನಾನು ಹೋಗ್ತಾ ಇಲ್ಲ ಸಾರ್. ದೂರ ಎಷ್ಟು ಅಂತ…”

“ನನಗೆ ಎಲ್ಲಾ ಗೊತ್ತು. ಆರು ವರ್ಷದಿಂದ ನೀನು ಒಂದು ದಿನ ರಜೆ ತಗೊಂಡಿಲ್ಲ. ಇಗೋ, ಹತ್ತು ದಿನದ ರಜೆ. ಸಹಿ ಹಾಕಿದೀನಿ.” ಮ್ಯಾನೇಜರ್ ಮೇಜಿನ ಕೆಳಗೆ ಬಗ್ಗಿ ಗೋಣಿಬಟ್ಟೆ ಸುತ್ತಿದ ಏನನ್ನೋ ಎಳೆದರು. “ನನ್ನ ಭಾವಮೈದುನ ಅಲ್ಲಿ ಚರ್ಮದ ಅಂಗಡಿ ಇಟ್ಟಿದಾನೆ. ಈ ಹೊಲಿಗೆ ಮೆಷಿನ್ ತಲೆ ಒಂದನ್ನ, ಸ್ಟ್ಯಾಂಡಿಲ್ಲ, ಬರೀ ಮೇಲ್ಭಾಗ, ಅವನಿಗೆ ಮುಟ್ಟಿಸಿಬಿಡು. ಹದಿನಾಲ್ಕೇ ಕಿಲೋ. ನಿನಗೇನು, ಎತ್ತೋದು ಅಭ್ಯಾಸ.”

‘ಹೋಗ್ತಾ ಇಲ್ಲ’ ಎಂದು ಮತ್ತೊಮ್ಮೆ ಹೇಳಲು ಗವ್ರಿಲ್ ಬಾಯಿ ತೆರೆದ. “ಆಗಲಿ ಸಾರ್,” ಎಂಬುದು ಹೊರಬಂತು.

ಯಾಕುತ್ಸ್ಕ್‌ನಲ್ಲಿ ಮಗದಾನ್‌ನ ನಂಟು ಇಲ್ಲದ ಮನೆಯೇ ಇಲ್ಲವೆಂದು ಅವನಿಗೆ ಅವತ್ತು ತಿಳಿಯಿತು. ಖಜಾಂಚಿ ಹೆಂಗಸು ಹಾಲಿನ ಡಬ್ಬಗಳಲ್ಲಿ ಬೆಳೆಸಿದ್ದ ಆರು ಟೊಮೇಟೊ ಸಸಿ ತಂದಿಟ್ಟಳು. “ನಮ್ಮತ್ತಿಗೆಗೆ. ಕುತ್ತಿಗೆ ಮುರೀದ ಹಾಗೆ ಮಡಿಲಲ್ಲಿ ಇಟ್ಕೊಂಡು ಹೋಗಿ.” ಇಸ್ತ್ರಿಯವನು ಹೊಗೆ ಹಾಕಿದ ಮೀನಿನ ಕಟ್ಟು ಕೊಟ್ಟ. ಹೊರಗೆ ಇಪ್ಪತ್ತೆಂಟು ಡಿಗ್ರಿ ಸೆಕೆ. ಮೀನು ತನ್ನ ಇರವನ್ನು ಆಗಲೇ ಸಾರತೊಡಗಿತ್ತು. ಸರ್ದಾನಾ ಅಕ್ಕನ ಮಗಳಿಗೆಂದು ಹಿಮಸಾರಂಗದ ತುಪ್ಪಳದ ಬೂಟು ತಂದಳು.

“ಜೂನ್‌ನಲ್ಲಿ ತುಪ್ಪಳದ ಬೂಟಾ?”

“ಚಳಿಗಾಲದಲ್ಲಿ ನೀವು ಮತ್ತೆ ಹೋಗ್ತೀರಾ ಮಾಮ? ನಿಮ್ಮನ್ನ ಹೊರಡಿಸೋಕೆ ಇಪ್ಪತ್ತೆರಡು ವರ್ಷ ಹಿಡೀತು ಅಂತ ಫೆವ್ರೊನಿಯಜ್ಜಿ ಹೇಳಿದ್ರು.”

ಗವ್ರಿಲ್ ಬೆಚ್ಚಿದ. “ಅವಳಿಗೆ ಯಾರು ಹೇಳಿದ್ರು?”

“ನಾನೇ ಫೋನ್ ಮಾಡಿದ್ದೆ.”

ಫೆವ್ರೊನಿಯಾ ಅವನ ಎದುರು ಮನೆಯವಳು. ಕಾರ್ಖಾನೆಯಿಂದ ನಿವೃತ್ತಳಾಗಿ ಎಂಟು ವರ್ಷವಾಗಿತ್ತು, ಕಾರ್ಖಾನೆ ಮಾತ್ರ ಅವಳಿಂದ ನಿವೃತ್ತಿಯಾಗಿರಲಿಲ್ಲ. ಅಕುಲಿನಾ ಇದ್ದ ಕಾಲದಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿ ಕೂರುತ್ತಿದ್ದರು. ಗವ್ರಿಲನ ಸಂಕಟ ಪೂರ್ತಿ ತಿಳಿದವಳು ಈಗ ಊರಿನಲ್ಲಿ ಅವಳೊಬ್ಬಳೇ. ಅವನು ಪೆಟ್ಟಿಗೆ ತರಲು ಮನೆಗೆ ಬಂದಾಗ ಅವಳು ಮೂರು ದೊಡ್ಡ ಬಾಟಲಿ ನೀಲಿಹಣ್ಣಿನ ಜಾಮ್ ಇಟ್ಟುಕೊಂಡು ಮೆಟ್ಟಿಲ ಮೇಲೇ ಕೂತಿದ್ದಳು.

“ಇದು ನಮ್ಮ ನಾದಿನಿಗೆ,” ಅಂದಳು. ಆಮೇಲೆ ದನಿ ತಗ್ಗಿಸಿ, “ಲೋ ಗವ್ರಿಲಾ, ಕೊನೆಗೂ ಕಾಲು ಕಿತ್ತೆಯಲ್ಲ.”

“ಅಕ್ಕಾ, ನಾನು ದೂರ ಕೇಳಿದ್ದು ಅಷ್ಟೇ. ಇವರೆಲ್ಲಾ ಸೇರಿ…”

“ಕೇಳಿದ್ದು ಸಾಕು. ಇನ್ನೆಷ್ಟು ವರ್ಷ ಕೇಳ್ತೀಯ? ನೀನು ಕೇಳಿದಷ್ಟಕ್ಕೂ ಮಗದಾನ್ ಹತ್ರ ಬರಲ್ಲ. ಹೋದ ಚಳಿಗಾಲದಲ್ಲಿ ನಮ್ಮ ನಾದಿನಿ ಅಕುಲಿನಾನ ಪೇಟೇಲಿ ನೋಡಿದ್ಲಂತೆ. ಒಬ್ಬಳೇ ಇದಾಳೆ ಕಣೋ. ತಂಗೀನೂ ಮಕ್ಕಳೂ ಊರು ಬಿಟ್ಟು ಹೋದ್ರಂತೆ. ಒಬ್ಬಳೇ ಮೀನು ತಗೋತಿದ್ಲಂತೆ, ಒಂದೇ ಒಂದು ಮೀನು.”

ಆ ಒಂದೇ ಒಂದು ಮೀನು ಗವ್ರಿಲನ ಗಂಟಲಲ್ಲಿ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಅವನು ಒಳಗೆ ಹೋಗಿ ಪೆಟ್ಟಿಗೆ ತೆರೆದು ಅದರ ಮುಂದೆ ಸುಮ್ಮನೆ ಕೂತ. ಬೆಳಗಿನಿಂದ ಜನ ಅವನನ್ನು ತಳ್ಳುತ್ತಿದ್ದರು. ಈಗ ಯಾರೂ ತಳ್ಳುತ್ತಿರಲಿಲ್ಲ, ಆದರೂ ಒಳಗೇನೋ ಮುಂದಕ್ಕೆ ಸರಿಯಿತು. ಹೋದರೆ ಏನಾದೀತು? ನಾಲ್ಕಕ್ಕೆ ಹೊರಟರೆ ಆರಕ್ಕೆ ಅಲ್ಲಿ. ಅಲ್ಲಿಯ ಗಡಿಯಾರ ಎರಡು ಗಂಟೆ ಮುಂದೆ, ಅಂದರೆ ಎಂಟು. ಅವಳು ಊಟಕ್ಕೆ ಕೂತಿರುತ್ತಾಳೆ. ಬಾಗಿಲು ಬಡಿದರೆ ‘ಯಾರು’ ಅನ್ನುತ್ತಾಳೆ.

ಅವಳು ‘ಯಾರು’ ಅಂದ ಮೇಲೆ ತಾನು ಏನನ್ನಬೇಕು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಸರ್ದಾನಾ ಫೋನ್ ಮಾಡಿ, ತನ್ನ ಚಿಕ್ಕಮ್ಮನ ಮಗಳು ವಿಮಾನ ನಿಲ್ದಾಣದ ಕೌಂಟರಿನಲ್ಲೇ ಇದ್ದಾಳೆಂದೂ, ಕೊನೆಯ ಒಂದು ಸೀಟನ್ನು ಅವನ ಹೆಸರಿಗೆ ಹಿಡಿದಿದ್ದಾಳೆಂದೂ, ಬೇಗ ಹೊರಡಬೇಕೆಂದೂ ಹೇಳಿದಳು.

ತೆರೆದ ಪೆಟ್ಟಿಗೆಯನ್ನು ಅಲ್ಲೇ ಮರೆತು ಗವ್ರಿಲ್ ಹೊರಟ. ಒಂದು ಕೈಯಲ್ಲಿ ಮೆಷಿನ್ ತಲೆ, ಇನ್ನೊಂದರಲ್ಲಿ ಮೀನು, ಕೊರಳಿಗೆ ಒಂದಕ್ಕೊಂದು ಕಟ್ಟಿ ಜೋತುಬಿಟ್ಟ ತುಪ್ಪಳದ ಬೂಟು, ಬೆನ್ನಿಗೆ ಜಾಮ್ ಮತ್ತು ಸಸಿಗಳ ಚೀಲ. ಬಸ್ಸಿನಲ್ಲಿ ಟೊಮೇಟೊ ಸಸಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತ. ಪಕ್ಕದಲ್ಲಿದ್ದ ಮುದುಕಿ ಮೀನಿನ ವಾಸನೆಗೆ ಕಿಟಕಿ ತೆರೆದಳು. ಕಿಟಕಿಯಿಂದ ಬಂದ ಸೊಳ್ಳೆಗಳಿಗೆ ಬೈಯುತ್ತಾ ಇನ್ನೊಬ್ಬ ಅದನ್ನು ಮುಚ್ಚಿದ. ಮುದುಕಿ ಮತ್ತೆ ತೆರೆದಳು. ಇಳಿಯುವಾಗ ಇಬ್ಬರೂ ಒಟ್ಟಾಗಿ ಗವ್ರಿಲನಿಗೆ ಬೈದರು.

ಕೌಂಟರಿನ ಮುಂದೆ ಆಗಲೇ ಒಬ್ಬ ಗಂಡಸು ನಿಂತಿದ್ದ. ಗವ್ರಿಲನದೇ ವಯಸ್ಸು. ಸಣಕಲು, ಎತ್ತರ, ಬಿಸಿಲಿಗೆ ಒಣಗಿದ ಮೀನಿನ ಹಾಗಿದ್ದ. ಕೈಯಲ್ಲಿ ಒಂದೇ ಒಂದು ಚೀಲ. ಲೆನ್ಸ್ಕ್ ಊರಿನಿಂದ ಅವನು ಬಂದ ವಿಮಾನ ತಡವಾಗಿ, ಮಗದಾನ್ ವಿಮಾನದಲ್ಲಿ ಅವನಿಗಿದ್ದ ಸೀಟು ಕೈತಪ್ಪಿತ್ತು.

“ಇಲ್ಲ ಅಂದ್ರೆ ಹೇಗಮ್ಮ,” ಎಂದು ಅವನು ಕೌಂಟರಿನ ಹುಡುಗಿಯನ್ನು ಬೇಡುತ್ತಿದ್ದ. “ನಾಳೆ ಬೆಳಗ್ಗೆ ಹತ್ತಕ್ಕೆ ನಾನು ಅಲ್ಲಿ ಆಫೀಸಲ್ಲಿ ಒಂದು ಸಹಿ ಹಾಕ್ಬೇಕು. ನಾನೇ ಹಾಕ್ಬೇಕು, ಬೇರೆಯವರು ಹಾಕೋ ಹಾಗಿಲ್ಲ. ತಪ್ಪಿದ್ರೆ ಮತ್ತೆ ಆಗಸ್ಟಲ್ಲೇ ಸಿಗೋದು.”

“ಇರೋದು ಒಂದೇ ಸೀಟು. ಅದೂ ಕೊಲೆಸೊವ್ ಅನ್ನೋರ ಹೆಸರಲ್ಲಿದೆ,” ಅಂದ ಹುಡುಗಿ, ಗವ್ರಿಲನ ಕೊರಳಲ್ಲಿದ್ದ ಸರ್ದಾನಾಳ ಬೂಟಿನ ಗುರುತು ಹಿಡಿದು, “ಓ, ಅವರೇ ಬಂದ್ರು,” ಅಂದಳು.

ಆ ಮನುಷ್ಯ ತಿರುಗಿ ನೋಡಿದ. ಕಣ್ಣಲ್ಲಿ ಬೇಡಿಕೆಗಿಂತ ನಾಚಿಕೆಯೇ ಹೆಚ್ಚಿತ್ತು. ಅವನು ಬೈದಿದ್ದರೆ, ಕೂಗಾಡಿದ್ದರೆ ಗವ್ರಿಲ್ ಪಾರಾಗುತ್ತಿದ್ದನೋ ಏನೋ.

“ತಪ್ಪು ತಿಳೀಬೇಡಿ ಅಣ್ಣಾ,” ಅಂದ ಅವನು. “ನನ್ನ ಹೆಸರು ಮಕಾರ್. ನದಿ ದೋಣೀಲಿ ಇಂಜಿನ್ ನೋಡ್ಕೊಳ್ತಿದ್ದೆ. ಕೇಳೋದು ತಪ್ಪು ಅಂತ ಗೊತ್ತು. ನಿಮಗೂ ಅಲ್ಲಿ ಅವಸರದ ಕೆಲಸ ಇರಬಹುದು.”

ಅವಸರದ ಕೆಲಸ ಎಂಬ ಮಾತು ಗವ್ರಿಲನಿಗೆ ಚುಚ್ಚಿತು. ಇಪ್ಪತ್ತೆರಡು ವರ್ಷ ಮುಂದಕ್ಕೆ ಹಾಕಿದ್ದನ್ನು ಅವಸರದ ಕೆಲಸ ಎಂದು ಯಾವ ಬಾಯಿಂದ ಹೇಳುವುದು? ಅದೂ ಅಲ್ಲದೆ, ಆ ಬಾಗಿಲು, ಆ ‘ಯಾರು’ ಬಸ್ಸಿನುದ್ದಕ್ಕೂ ಅವನ ಎದೆಯಲ್ಲಿ ಬಡಿಯುತ್ತಲೇ ಬಂದಿದ್ದವು. ಇಂಥ ವೇಷದಲ್ಲಿ, ಮೀನು ನಾತ ಹೊಡೆಯುತ್ತಾ, ಈ ಹೊಟ್ಟೆ ಹೊತ್ತುಕೊಂಡು? ಶುಕ್ರವಾರ ಹೋದರಾಯಿತು. ಕ್ಷೌರ ಮಾಡಿಸಿಕೊಂಡು, ಒಂದು ಒಳ್ಳೆಯ ಅಂಗಿ ತೊಟ್ಟು. ಮೂರೇ ದಿನ ತಾನೆ.

“ಆಗಲಿ, ನೀವು ಹೋಗಿ,” ಅಂದ.

ಬೇಡ ಎನ್ನಲು ಬಾರದ ಗುಣ ಅದರಲ್ಲಿ ಅರ್ಧವಿತ್ತು. ಮಿಕ್ಕರ್ಧ ಬರೀ ಹೆದರಿಕೆ. ಮಕಾರ್ ಪಾಪ ಎರಡನ್ನೂ ಸೇರಿಸಿ ಒಳ್ಳೆಯತನ ಅಂದುಕೊಂಡ. ಗವ್ರಿಲನ ಎರಡೂ ಕೈ ಹಿಡಿದುಕೊಂಡು, ಮೀನೂ ಸೇರಿದಂತೆ, ಕುಲುಕಿದ.

“ಈ ಗಂಟುಗಳನ್ನೆಲ್ಲಾ ನನಗೆ ಕೊಡಿ. ನಾನೇ ಮುಟ್ಟಿಸ್ತೀನಿ. ಇಷ್ಟಾದ್ರೂ ಮಾಡೋಕೆ ಬಿಡಿ ಅಣ್ಣಾ.”

ಜಾಮ್ ಬಾಟಲಿಗಳು ಒಡೆಯಬಾರದೆಂದು ಮಕಾರ್ ತನ್ನ ಚೀಲ ಬಿಚ್ಚಿ, ಬಟ್ಟೆಗಳ ನಡುವೆ ಅವನ್ನು ಮೆತ್ತಗೆ ಹುದುಗಿಸಿದ. ಯಾರಿಗೆ ಏನು ಎಂದು ಗವ್ರಿಲ್ ಒಂದು ಚೀಟಿ ಬರೆದು, ಕೆಳಗೆ ತನ್ನ ಫೋನ್ ನಂಬರು ಹಾಕಿಕೊಟ್ಟ. ಮಕಾರ್ ತುಪ್ಪಳದ ಬೂಟು ಕೊರಳಿಗೆ ಹಾಕಿಕೊಂಡು, ಸಸಿಗಳನ್ನು ಎದೆಗವಚಿಕೊಂಡು ಗೇಟು ದಾಟಿ ಹೋದ.

ವಿಮಾನ ಮೇಲೇರುವ ತನಕ ಗವ್ರಿಲ್ ಬೇಲಿಯ ಹತ್ತಿರವೇ ನಿಂತಿದ್ದ. ಅದು ಪೂರ್ವಕ್ಕೆ ತಿರುಗಿತು. ಮೊದಲು ಹಕ್ಕಿಯಷ್ಟಾಯಿತು, ಆಮೇಲೆ ಸೊಳ್ಳೆಯಷ್ಟು, ಆಮೇಲೆ ಏನೂ ಇಲ್ಲ. ಹೋಗದೇ ಉಳಿದೆನೆಂಬ ಸಮಾಧಾನ ಅವನಿಗೆ ಬೇಲಿಯಿಂದ ಬಸ್ ನಿಲ್ದಾಣದವರೆಗೆ ಇತ್ತು. ಬಸ್ಸು ಹತ್ತುವಾಗ ಕೈಗಳು ಖಾಲಿ ಎಂದು ಗೊತ್ತಾಯಿತು. ಕೂತ ಮೇಲೆ ಆ ಒಂದೇ ಒಂದು ಮೀನು ಮತ್ತೆ ನೆನಪಾಯಿತು. ಮಡಿಲಲ್ಲಿ ಆ ಸಸಿಗಳಾದರೂ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು. ಕೈಗೆ ಏನಾದರೊಂದು ಕೆಲಸವಿರುತ್ತಿತ್ತು.

ಮನೆಗೆ ಹೋಗುವುದೇ ದೊಡ್ಡ ಸಾಹಸ. ಹತ್ತು ದಿನ ಊರಲ್ಲಿ ಇರಬಾರದವನು ಎರಡು ಗಂಟೆಯಲ್ಲಿ ಪ್ರತ್ಯಕ್ಷನಾದರೆ ಏನು ಹೇಳುವುದು? ಹಿತ್ತಲ ಕಡೆಯಿಂದ ನುಸುಳಿ, ಬೂಟು ಕಳಚಿ ಕೈಯಲ್ಲಿ ಹಿಡಿದು, ಕಳ್ಳನ ಹಾಗೆ ಮೂರು ಮಹಡಿ ಹತ್ತಿದ. ಬಾಗಿಲಿಗೆ ಬೀಗದ ಕೈ ತೂರಿಸಿದ್ದೇ ತಡ, ಬೆನ್ನ ಹಿಂದೆ ಎದುರು ಬಾಗಿಲು ತೆರೆಯಿತು.

“ಇಷ್ಟು ಬೇಗ ಹೋಗಿ ಬಂದ್ಯಾ?” ಅಂದಳು ಫೆವ್ರೊನಿಯಾ.

ಗವ್ರಿಲ್ ನಡೆದದ್ದನ್ನು ಹೇಳಿದ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಪೂರ್ತಿ ಕೇಳಿದಳು. ಬೈಯುತ್ತಾಳೆಂದು ಅವನು ಕಾದ. ಅವಳು ಬೈಯಲಿಲ್ಲ.

“ನಿನ್ನ ಪಾಲಿನ ಅನ್ನವನ್ನೂ ಇನ್ನೊಬ್ಬರ ತಟ್ಟೆಗೆ ಬಡಿಸೋನು ನೀನು,” ಎಂದಷ್ಟೇ ಹೇಳಿ, ಒಳಗಿನಿಂದ ಒಂದು ತಟ್ಟೆ ಕಡುಬು ತಂದು ಅವನ ಮೇಜಿನ ಮೇಲೆ ಇಟ್ಟಳು.

ಎಂಟೂವರೆ ಗಂಟೆಯಾಗಿತ್ತು. ಸೂರ್ಯ ಇನ್ನೂ ಕಿಟಕಿಯ ಮೇಲೇ ಕೂತಿದ್ದ. ಫೋನ್ ಹೊಡೆದುಕೊಂಡಿತು.

“ಗವ್ರಿಲಣ್ಣಾ, ನಾನು ಮಕಾರ್. ಮಗದಾನ್ ಮೇಲೆ ಸಮುದ್ರದ ಮಂಜು ಕವಿದುಬಿಟ್ಟಿದೆ. ಎರಡು ಸುತ್ತು ಹೊಡೆದು ವಾಪಸ್ ಕರ್ಕೊಂಡು ಬಂದ್ರು. ವಿಮಾನ ಮತ್ತೆ ನಾಳೆ ಬೆಳಗ್ಗೆ ಏಳಕ್ಕಂತೆ. ಹೋಟೆಲ್ ತುಂಬಿದೆ. ಈ ಊರಲ್ಲಿ ನನಗೆ ನಿಮ್ಮನ್ನ ಬಿಟ್ರೆ ಯಾರೂ ಗೊತ್ತಿಲ್ಲ.”

“ಬನ್ನಿ,” ಅಂದ ಗವ್ರಿಲ್.

ಮಕಾರ್ ಬಂದ. ಮೆಷಿನ್ ತಲೆ, ಮೀನು, ಬೂಟು, ಸಸಿ ಎಲ್ಲವೂ ನಾಲ್ಕು ಗಂಟೆ ಆಕಾಶದಲ್ಲಿ ತಿರುಗಾಡಿಕೊಂಡು ಗವ್ರಿಲನ ಮನೆಗೇ ಬಂದವು. ಟೊಮೇಟೊ ಸಸಿಗಳು ಮಾತ್ರ ಎರಡು ಹೊಸ ಎಲೆ ಬಿಟ್ಟ ಹಾಗೆ ಕಾಣುತ್ತಿದ್ದವು. ಸಾಮಾನು ಎಣಿಸಿಕೊಳ್ಳಲು ಫೆವ್ರೊನಿಯಾ ಹಾಜರಾದಳು.

“ನನ್ನ ಜಾಮ್ ಎಲ್ಲಪ್ಪಾ?”

ಮಕಾರ್ ಚೀಲದ ಜಿಪ್ಪು ಎಳೆದ. ಎಳೆದವನು ಹಾಗೇ ನಿಂತ. ಮಂಜಿನ ಮೇಲೆ ವಿಮಾನ ಕುಲುಕಾಡಿದಾಗ ಮೂರೂ ಬಾಟಲಿಗಳು ಒಂದಕ್ಕೊಂದು ಡಿಕ್ಕಿ ಹೊಡೆದಿದ್ದವು. ಚೀಲದ ಒಳಗೆಲ್ಲಾ ನೀಲಿ ಕೆಸರು. ಅದರ ನಡುವಿನಿಂದ ಅವನು ಎರಡು ಬೆರಳಲ್ಲಿ ಮೇಲಕ್ಕೆತ್ತಿದ್ದು ಒಂದು ಬಿಳಿಯ ಸೂಟು. ಬಿಳಿ ಎಂದು ಕಾಲರಿನ ಒಂದು ಮೂಲೆ ನೋಡಿ ಊಹಿಸಬೇಕಿತ್ತು.

ಫೆವ್ರೊನಿಯಾ ಅದನ್ನು ಬಚ್ಚಲಿಗೆ ಒಯ್ದು ಉಜ್ಜಿದಳು, ಉಪ್ಪು ಹಾಕಿದಳು, ಸೋಡಾ ಹಾಕಿದಳು. ಕಾಲು ಗಂಟೆಯ ಮೇಲೆ ಹೊರಗೆ ಬಂದು, “ನಲವತ್ತು ವರ್ಷ ಬಟ್ಟೆ ಜೊತೆ ಬದುಕಿದೀನಿ ತಮ್ಮಾ. ಇದು ಇನ್ನು ಬಿಳಿ ಆಗಲ್ಲ. ನಮ್ಮ ನೀಲಿಹಣ್ಣು ಹಿಡಿದ್ರೆ ಬಿಡೋ ಜಾತಿ ಅಲ್ಲ. ಇದನ್ನ ಹಾಕ್ಕೊಂಡೇ ಸಹಿ ಹಾಕ್ಬೇಕಿತ್ತಾ?” ಅಂದಳು.

ಮಕಾರ್ ಕುರ್ಚಿಯ ಮೇಲೆ ಕುಸಿದ. “ಮದುವೆ ಅಕ್ಕಾ,” ಅಂದ. “ಸಹಿ ಅಂದ್ನಲ್ಲ, ಮದುವೆ ನೋಂದಣಿ ಆಫೀಸಲ್ಲಿ. ಈ ವಯಸ್ಸಲ್ಲಿ ಮದುವೆ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು.”

“ನಾಚಿಕೆ ಯಾಕೆ?” ಅಂದ ಗವ್ರಿಲ್, ಅವನ ಬಟ್ಟಲಿಗೆ ಚಹಾ ಸುರಿಯುತ್ತಾ. ಅವನಿಗೆ ನಿಜಕ್ಕೂ ಸಂತೋಷವಾಗಿತ್ತು. ತನ್ನ ಸೀಟು ವ್ಯರ್ಥವಾಗಲಿಲ್ಲ. “ಹೇಗೆ ಪರಿಚಯ ಆಯ್ತು?”

“ಹೋದ ಮಾರ್ಚಲ್ಲಿ, ಆರೋಗ್ಯಧಾಮದಲ್ಲಿ. ಬೆನ್ನು ನೋವಿಗೆ ಹೋಗಿದ್ದೆ. ನನ್ನ ಕೋಟಿನ ತೋಳು ಕಿತ್ತು ಹೋಗಿತ್ತು. ಅವರು ಪಕ್ಕದ ಮೇಜಲ್ಲಿ ಕೂತಿದ್ದರು. ‘ತೆಗೀರಿ ಇಲ್ಲಿ, ನೋಡೋಕಾಗಲ್ಲ’ ಅಂತ ತಗೊಂಡು, ಊಟ ಮುಗಿಯೋದ್ರೊಳಗೆ ಹೊಲಿದು ಕೊಟ್ರು. ಮೊದಲು ನಿಮ್ಮ ಊರಲ್ಲೇ ಬಟ್ಟೆ ಕತ್ತರಿಸೋ ಕೆಲಸದಲ್ಲಿದ್ರಂತೆ. ಅಕುಲಿನಾ ಅಂತ ಹೆಸರು.”

ಚಹಾ ಬಟ್ಟಲು ತುಂಬಿ, ತಟ್ಟೆ ತುಂಬಿ, ಮೇಜಿನ ಬಟ್ಟೆಯ ಮೇಲೆ ಹರಿಯಿತು. ಫೆವ್ರೊನಿಯಾ ಬಂದು ಗವ್ರಿಲನ ಕೈಯಿಂದ ಕೆಟಲನ್ನು ತೆಗೆದುಕೊಂಡಳು.

“ನಿಮಗೆ ಗೊತ್ತಾ ಅವರು?” ಎಂದು ಮಕಾರ್ ಕೇಳಿದ.

“ಒಂದೇ ಕಾರ್ಖಾನೇಲಿ ಇದ್ವಿ,” ಅಂದ ಗವ್ರಿಲ್. “ಕತ್ತರಿ ಹಾಕಿದ್ರೆ ಒಂದು ಎಳೆ ಆಚೆ ಈಚೆ ಆಗ್ತಿರಲಿಲ್ಲ.”

“ಹಾಗಾದ್ರೆ ನೀವು ನಮ್ಮವರೇ ಆದ್ರಿ. ನೀವು ಮಗದಾನ್‌ಗೆ ಹೊರಟಿದ್ದು ಏನು ಕೆಲಸಕ್ಕೆ ಅಣ್ಣಾ? ಅದೂ ನನ್ನಿಂದ ಕೆಟ್ಟಿತೇನೋ.”

ಫೆವ್ರೊನಿಯಾ ಮೇಜಿನ ಮೇಲಿನ ಚಹಾವನ್ನು ಬಹಳ ಹೊತ್ತು ಒರೆಸಿದಳು.

“ಮ್ಯಾನೇಜರ ಭಾವಮೈದುನನಿಗೆ ಮೆಷಿನ್ ಕೊಡೋದಿತ್ತು,” ಅಂದ ಗವ್ರಿಲ್. ಆಮೇಲೆ ಎದ್ದು ಮಲಗುವ ಕೋಣೆಗೆ ಹೋಗಿ ಬೀರುವಿನ ಬಾಗಿಲು ತೆರೆದ.

ಒಳಗೆ ತುದಿಯಲ್ಲಿ, ಹಳೆಯ ಬೆಡ್‌ಶೀಟ್ ಸುತ್ತಿ, ಒಂದು ಬೂದು ಬಣ್ಣದ ಸೂಟು ತೂಗುತ್ತಿತ್ತು. ಅಕುಲಿನಾ ಹೊರಡುವ ಹಿಂದಿನ ತಿಂಗಳು ಅವಳೇ ಅಳತೆ ತೆಗೆದು, ಅವಳೇ ಕತ್ತರಿಸಿ, ಅವಳೇ ಹೊಲಿದದ್ದು. ಟೇಪು ಹಿಡಿದು ಅವನ ಎದೆಯ ಸುತ್ತ ಕೈ ತಂದಾಗ, “ಉಸಿರು ಬಿಡಯ್ಯಾ, ಹಿಡ್ಕೊಂಡಿದ್ರೆ ಅಳತೆ ತಪ್ಪತ್ತೆ,” ಅಂದಿದ್ದಳು. ಯಾವ ಸಂದರ್ಭಕ್ಕೆ ಈ ಸೂಟು ಎಂದು ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಐದಾರು ವರ್ಷದ ಹಿಂದೆ ಒಮ್ಮೆ ತೊಟ್ಟು ನೋಡಲು ಹೋಗಿದ್ದ. ಗುಂಡಿಗೂ ಕಾಜಕ್ಕೂ ನಡುವೆ ಗೇಣುದ್ದದ ಅಂತರ ಬಂದಿತ್ತು.

“ಇದನ್ನ ಹಾಕ್ಕೊಂಡು ನೋಡಿ,” ಅಂದ.

“ಬೇಡ ಕಣೋ,” ಎಂದು ಫೆವ್ರೊನಿಯಾ ಬಾಗಿಲ ಬಳಿಯಿಂದ ಮೆಲ್ಲಗೆ ಹೇಳಿದಳು. “ಅದೊಂದನ್ನ ಇಟ್ಕೋ.”

“ನನಗೆ ಆಗಲ್ಲ ಅಕ್ಕಾ ಅದು.”

ಮಕಾರ್ ಕೋಟು ತೊಟ್ಟ. ಭುಜ ಭುಜದ ಮೇಲೆ ಕೂತಿತು. ತೋಳು ಮಣಿಕಟ್ಟಿಗೆ ಸರಿಯಾಗಿ ನಿಂತಿತು. ಮೂರು ಗುಂಡಿಯೂ ಹಾಲಿನಲ್ಲಿ ಸಕ್ಕರೆ ಇಳಿದ ಹಾಗೆ ಕಾಜದೊಳಕ್ಕೆ ಇಳಿದವು. ಇಪ್ಪತ್ತೆರಡು ವರ್ಷದ ಹಿಂದಿನ ಗವ್ರಿಲನೇ ಕನ್ನಡಿಯಲ್ಲಿ ನಿಂತಂತಿತ್ತು, ಮುಖವೊಂದು ಬೇರೆ. ಪ್ಯಾಂಟು ಮಾತ್ರ ಅರ್ಧ ಬೆರಳು ಗಿಡ್ಡವಾಯಿತು. ಮಡಿಕೆಯೊಳಗೆ ಬಟ್ಟೆ ಬಿಟ್ಟಿದ್ದಳು ಅಕುಲಿನಾ, ಬಿಚ್ಚಿ ಇಳಿಸಿಕೊಳ್ಳಬಹುದಿತ್ತು.

ಸಂಭ್ರಮ ತಡೆಯಲಾರದೆ ಮಕಾರ್ ಅಲ್ಲೇ ಮಗದಾನ್‌ಗೆ ಫೋನ್ ಹಚ್ಚಿದ. ಅಲ್ಲಿ ಆಗಲೇ ಹನ್ನೆರಡಾಗಿತ್ತು. ಅವಳು ಎಚ್ಚರವಾಗೇ ಇದ್ದಳು. ವಿಮಾನ ತಿರುಗಿಹೋದದ್ದು ತಿಳಿದ ಕೂಡಲೇ ಆಫೀಸಿನವರ ಮನೆಗೇ ಫೋನ್ ಮಾಡಿ ಬೇಡಿಕೊಂಡು ನೋಂದಣಿಯನ್ನು ಮಧ್ಯಾಹ್ನಕ್ಕೆ ಹಾಕಿಸಿದ್ದಾಳಂತೆ, ಗಾಬರಿಯಿಲ್ಲವಂತೆ. ಮಕಾರ್ ತನ್ನ ಕತೆಯನ್ನೆಲ್ಲಾ ಒಂದೇ ಉಸಿರಿಗೆ ಹೇಳಿದ. ಸೀಟು, ಜಾಮ್, ಕಡುಬು, ದೇವರಂಥ ಮನುಷ್ಯ.

“ಸೂಟೂ ಕೊಟ್ರು. ಬೂದು ಬಣ್ಣದ್ದು. ಒಳಗೆ ನೀಲಿ ಅಸ್ತರು. ನನಗೇ ಹೊಲಿದ ಹಾಗಿದೆ.” ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. “ಹಲೋ? ಕೇಳಿಸ್ತಾ ಇದೆಯಾ?” ಆಮೇಲೆ ಫೋನನ್ನು ಗವ್ರಿಲನ ಕಡೆ ಚಾಚಿದ. “ನಿಮ್ಮ ಹತ್ರ ಮಾತಾಡ್ಬೇಕಂತೆ.”

ಗವ್ರಿಲ್ ಫೋನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋದ.

“ಗವ್ರಿಲ್?”

“ಹೂಂ.”

ದನಿ ಸ್ವಲ್ಪ ಒರಟಾಗಿತ್ತು. ಮಿಕ್ಕಂತೆ ಅದೇ.

“ಆ ಸೂಟನ್ನ ಒಂದು ಸಲಾನೂ ಹಾಕ್ಕೊಳ್ಳಲಿಲ್ವಾ?”

“ಸಂದರ್ಭ ಬರಲಿಲ್ಲ.”

ಸಾವಿರದ ಇನ್ನೂರು ಕಿಲೋಮೀಟರ್ ಪೂರ್ತಿ ಸುಮ್ಮನಿತ್ತು.

“ನಾಳೆ ನೀನೂ ಇವರ ಜೊತೆ ಬಾ. ಇಲ್ಲಿ ನನ್ನ ಕಡೆಯಿಂದ ನಿಲ್ಲೋರು ಯಾರೂ ಇಲ್ಲ. ಸಾಕ್ಷಿಯಾಗಿ ಬಾ. ಅಷ್ಟಕ್ಕಾದ್ರೂ ಬರ್ತೀಯೇನೋ.”

ಗವ್ರಿಲ್ ಕನ್ನಡಿಯ ಕಡೆ ನೋಡಿದ. ಮಕಾರ್ ಕಾಲರು ಸರಿಮಾಡಿಕೊಳ್ಳುತ್ತಿದ್ದ. ಫೆವ್ರೊನಿಯಾ ಅವನ ಬೆನ್ನ ಮೇಲಿನ ಧೂಳನ್ನು ಕೈಯಿಂದ ತೆಗೆಯುತ್ತಿದ್ದಳು, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ.

“ಬರೋಕೆ ಈಗ ಸೂಟೇ ಇಲ್ಲ ಅಕುಲಿನಾ,” ಅಂದ.

“ಬರದೇ ಇರೋಕೆ ನಿನಗೆ ಯಾವತ್ತೂ ಒಂದು ಕಾರಣ ಸಿಕ್ಕೇ ಸಿಗತ್ತೆ,” ಅಂದಳು ಅವಳು. ನಕ್ಕಳೋ ಏನೋ, ಅವನಿಗೆ ತಿಳಿಯಲಿಲ್ಲ. ಫೋನು ಕಟ್ಟಾಯಿತು.

“ಏನಂತೆ?” ಎಂದು ಮಕಾರ್ ಕೇಳಿದ.

“ಪ್ಯಾಂಟಿನ ಉದ್ದ ನೋಡೋಕೆ ಹೇಳಿದ್ಲು,” ಅಂದ ಗವ್ರಿಲ್. ಗುಂಡುಸೂಜಿಯ ಡಬ್ಬಿ ತಂದು, ಹೊಟ್ಟೆ ಬಿಟ್ಟಷ್ಟು ಬಗ್ಗಿ, ಮಕಾರನ ಕಾಲ ಬಳಿ ಮಂಡಿಯೂರಿ ಕೂತು ಪ್ಯಾಂಟಿನ ಮಡಿಕೆ ಬಿಚ್ಚತೊಡಗಿದ.

“ನೀವೂ ಬನ್ನಿ ಅಣ್ಣಾ ನಾಳೆ, ನನ್ನ ಮಾತು ಕೇಳಿ,” ಅಂದ ಮಕಾರ್ ಮೇಲಿನಿಂದ. “ಏನು ಮಹಾ ದೂರ?”

ಗವ್ರಿಲನ ತುಟಿಗಳ ನಡುವೆ ನಾಲ್ಕು ಗುಂಡುಸೂಜಿಗಳಿದ್ದವು. ಹಾಗಾಗಿ ಅವನು ಏನೂ ಹೇಳಬೇಕಾಗಿ ಬರಲಿಲ್ಲ.